ಸಾರಥಿ ಕೇಳುವ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ದೊಡ್ಡಾಟ, ಅಂದರೆ ರಾತ್ರಿಯಿಡೀ ಹಾಡಿ ಕುಣಿದು ಆಡುವ ಬಯಲಾಟ, ಆಡುವುದೆಂದು ಗೊತ್ತಾದರೆ ತಿಂಗಳುಗಟ್ಟಲೆ ಮೊದಲೇ ತಾಲೀಮು ಶುರುವಾಗುತ್ತದೆ. ತಾಲೀಮು ಎಂಬ ಮಾತು ಅರಬಿಯದು, ಪರದೆ ಎಂಬುದು ಪಾರಸಿಯದು. ಆ ಪರದೆ ಸರಿದಾಗ ಕೇಳುವುದು ಕನ್ನಡದ ಕಂದ, ದ್ವಿಪದಿ ಎಂಬ ಪದ್ಯಗಳು. ಈ ನೆಲದ ಬದುಕು ಯಾವ ಯಾವ ಎಳೆಗಳಿಂದ ಕೂಡಿದೆ ಎಂಬುದನ್ನು ತಿಳಿಯಲು ನನಗೆ ಇಷ್ಟೇ ಸಾಕು.

1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಿಜಾಮರ ಆಳ್ವಿಕೆಯಿತ್ತು; ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಉರ್ದುವಿನದೇ ಮೇಲುಗೈ. ಅಂಥ ಕಾಲದಲ್ಲಿ ಅಕ್ಷರ ಕಲಿಯದ ಒಕ್ಕಲಿಗನೊಬ್ಬ ಆಟದ ಮಾಸ್ತರರ ಬಾಯಿಂದ ಕೇಳಿ ಕೇಳಿ ನೂರಾರು ಸಾಲುಗಳನ್ನು ಕಂಠಪಾಠ ಮಾಡಿ, ಭುಜಕೀರ್ತಿ ಕಟ್ಟಿಕೊಂಡು ಬೆಳಗಿನವರೆಗೆ ಅರ್ಜುನನಾಗಿ ಕುಣಿಯುತ್ತಿದ್ದನೆಂದರೆ, ಕನ್ನಡ ಈ ಭಾಗದಲ್ಲಿ ಬಾಳಿದ್ದು ತತ್ವಪದ, ಭಜನೆಗಳ ಜೊತೆಗೆ ಆಟದ ಅಟ್ಟದ ಮೇಲೆಯೂ ಹೌದು ಎಂದು ನಾನು ದೃಢವಾಗಿ ನಂಬುತ್ತೇನೆ.

ದೊಡ್ಡಾಟದಲ್ಲಿ ಪಾತ್ರ ಯಾವುದೇ ಬರಲಿ, ಆಟವನ್ನು ನಡೆಸಿಕೊಡುವ ಸಾರಥಿ ಅದನ್ನು ತಡೆದು ಅದು ಯಾರೆಂದು ವಿಚಾರಿಸುತ್ತಾನೆ. ರಾಜ ತನ್ನ ಬಿರುದು ಬಾವಲಿಗಳನ್ನು ಗ್ರಾಂಥಿಕ ಕನ್ನಡದಲ್ಲಿ ಗರ್ಜಿಸುತ್ತಾನೆ. ಸಾರಥಿಯಾದರೋ, "ಯಾರ್ರೀ ನೀವು? ಎಲ್ಲಿಂದ ಬರ್ಲತ್ತೀರಿ?" ಎಂದು ನಮ್ಮ ಓಣಿಯ ಮಾತಿನಲ್ಲಿಯೇ ಕೇಳುತ್ತಾನೆ. ಆಗ ಕೆಳಗೆ ಕುಳಿತ ಮಂದಿಯಲ್ಲಿ ಏಳುವ ನಗೆ ತಮ್ಮ ಮಾತು ಅರಸನೆದುರು ತಲೆಯೆತ್ತಿ ನಿಂತದ್ದನ್ನು ಕಂಡ ಸಂತೋಷದ ನಗೆ.

ಪಟ್ಟಣದ ರಂಗಮಂದಿರಕ್ಕೆ ಬಂದಾಗ ಈ ಮಾತು ಬಹುಕಾಲ ಆಳುಮಕ್ಕಳ, ಹಾಸ್ಯಗಾರರ ಪಾತ್ರಗಳಿಗಷ್ಟೇ ಮೀಸಲಾಗಿತ್ತು. ಶಾಲೆಯ ನಾಟಕವೊಂದರಲ್ಲಿ ನಾನು "ಅದ" ಎಂದಾಗಲೆಲ್ಲ "ಇದೆ" ಎಂದು ತಿದ್ದಿಸಿದ್ದರು. ಅಂದಿನಿಂದ ಎಷ್ಟೋ ವರ್ಷ ಹೊರಗಿನವರೆದುರು ಬಾಯಿ ತೆರೆಯಲು ಅಳುಕಿದೆ. ರಂಗದ ಮೇಲೆ ಯಾರು ಹೇಗೆ ಮಾತಾಡುತ್ತಾರೆ ಎಂಬುದು ಕೆಳಗೆ ಕುಳಿತ ಮಗುವಿಗೆ ತನ್ನ ಬೆಲೆಯನ್ನು ಕಲಿಸಿಬಿಡುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವನ್ನು, ಅಂದರೆ ಈಗಿನ ಬಸವಕಲ್ಯಾಣವನ್ನು, ಕುರಿತು ಕನ್ನಡದಲ್ಲಿ ದೊಡ್ಡ ನಾಟಕಗಳಿವೆ. ಗಿರೀಶ ಕಾರ್ನಾಡರ 'ತಲೆದಂಡ' ಬಂದದ್ದು 1990ರಲ್ಲಿ. ಬೇರೆ ಊರಿನ ಪ್ರೇಕ್ಷಕರಿಗೆ ಕಲ್ಯಾಣವೆಂದರೆ ಇತಿಹಾಸ, ನಮಗೆ ದಿನವೂ ಬಸ್ಸಿನ ಹಣೆಯ ಮೇಲೆ ಓದುವ ಹೆಸರು. ಕಳೆದ ಬೇಸಿಗೆಯ ಶಿಬಿರದಲ್ಲಿ ಶರಣೆಯ ಪಾತ್ರ ಮಾಡಿದ ಬೀದರ ಕಡೆಯ ಹುಡುಗಿಯೊಬ್ಬಳು, "ಸರ್, ಇದು ನಮ್ಮವ್ವ ಮಾತಾಡ್ದಂಗೆ ಹೇಳ್ಲೇನ್ರೀ?" ಎಂದು ಕೇಳಿದಳು. ಹೇಳವ್ವಾ ಎಂದೆ. ಆ ಸಾಲು ಬಂದಾಗ ತಾಲೀಮಿನ ಕೋಣೆಯಲ್ಲಿದ್ದ ಮಕ್ಕಳೆಲ್ಲ ಗಪ್ಪಾದರು.