ಹದಿಮೂರರ ಮಗ್ಗಿ ಹೇಳುತ್ತಾ 21 ಕಿಲೋಮೀಟರ್

[ಕಬ್ಬನ್ ಪಾರ್ಕ್, ಭಾನುವಾರ ಬೆಳಿಗ್ಗೆ. ನಿರೂಪಕ ನಿಧಾನವಾಗಿ ಓಡುತ್ತಾ ಕ್ಯಾಮೆರಾ ಕಡೆ ಬರುತ್ತಾರೆ.]

ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರು ಮೂರ್ಲ ಮೂವತ್ತೊಂಬತ್ತು...

ನಮಸ್ಕಾರ. ಗಾಬರಿಯಾಗಬೇಡಿ, ಇದು ಓಟದ ವಿಡಿಯೋನೇ. ಮಗ್ಗಿ ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

"ನಾನು ಬಸ್ಸು ಹಿಡಿಯೋಕೆ ಬಿಟ್ಟರೆ ಇನ್ಯಾವತ್ತೂ ಓಡಿದವನಲ್ಲ. ಹಾಫ್ ಮ್ಯಾರಥಾನ್ ಓಡಬಹುದಾ?" ಅಂತ ಕೇಳುವವರು ತುಂಬಾ ಜನ. ಓಡಬಹುದು. ಆದರೆ ಮುಂದಿನ ತಿಂಗಳು ಬೇಡ. ಐದು ತಿಂಗಳು ಕೊಡಿ.

ಮೊದಲು ದೂರದ ಲೆಕ್ಕ. 21.0975 ಕಿಲೋಮೀಟರ್. ಈ ಚಿಲ್ಲರೆ ಎಲ್ಲಿಂದ ಬಂತು ಅಂದರೆ, ಪೂರ್ತಿ ಮ್ಯಾರಥಾನ್ 42.195, ಅದರಲ್ಲಿ ಅರ್ಧ ಇದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಓಟ ಮುಗಿಸಿದರು. ಆ ದೂರವೇ 1921ರಲ್ಲಿ ಕಾಯಂ ಆಯಿತು. ಅವತ್ತು ಅರಮನೆಯವರಿಗೆ ಹೊಂದಿಸಿದ ದೂರಕ್ಕೆ ಇವತ್ತಿಗೂ ನಮ್ಮ ಮೊಣಕಾಲು ಕಂದಾಯ ಕಟ್ಟುತ್ತಿದೆ.

[ಪರದೆಯ ಮೇಲೆ ಮೆಟ್ರೋ ನಕ್ಷೆ.]

ನಮ್ಮೂರ ಲೆಕ್ಕದಲ್ಲಿ ಹೇಳಬೇಕಾ? ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43.49 ಕಿ.ಮೀ. ಅದರಲ್ಲಿ ಅರ್ಧಕ್ಕಿಂತ ಚೂರು ಕಡಿಮೆ. ಕಂಠೀರವ ಸ್ಟೇಡಿಯಂನ 400 ಮೀಟರ್ ಟ್ರ್ಯಾಕ್‌ನಲ್ಲಾದರೆ 52 ಸುತ್ತು, ಮೇಲೆ ಮುಕ್ಕಾಲು ಸುತ್ತು. ಟ್ರ್ಯಾಕ್‌ನಲ್ಲಿ ಮಾತ್ರ ಓಡಬೇಡಿ, ತಲೆ ತಿರುಗುತ್ತದೆ.

ಈಗ ನನ್ನ ಕಥೆ. ನಾನು ಶುರು ಮಾಡಿದ್ದು 38ನೇ ವಯಸ್ಸಿನಲ್ಲಿ. ಅಣ್ಣನ ಮಗಳ ಮುಂದೆ ಜಂಬ ಕೊಚ್ಚಿಕೊಂಡು, ಮಾರನೇ ದಿನವೇ ಲಾಲ್‌ಬಾಗ್‌ನಲ್ಲಿ ಸಿಕ್ಕಾಪಟ್ಟೆ ಓಡಿದೆ. ಮೊದಲ ವಾರ ನಾಲಿಗೆ ಹೊರಗೆ ಬಂತು. ಮೂರನೇ ವಾರಕ್ಕೆ ಉಸಿರು ಹತೋಟಿಗೆ ಬಂತು. ಭಲೇ ಅಂದುಕೊಂಡು ದಿನಾ ಓಡಿದೆ, ದಿನಾ ಜೋರಾಗಿ ಓಡಿದೆ. ಐದನೇ ವಾರ ಮೊಣಕಾಲಿನ ಕೆಳಗೆ, ಎಲುಬಿನ ಒಳ ಅಂಚಿನಲ್ಲಿ ನೋವು. ಬೆರಳಿಟ್ಟು ಒತ್ತಿದರೆ ಜೀವ ಹೋಗುತ್ತಿತ್ತು. ಓಟಗಾರರು ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ. ಆರು ವಾರ ಮನೆಯಲ್ಲಿ ಕೂತೆ. ಅಣ್ಣನ ಮಗಳು ದಿನಾ ಫೋನ್ ಮಾಡುತ್ತಿದ್ದಳು: "ಚಿಕ್ಕಪ್ಪಾ, ಇವತ್ತು ಎಷ್ಟು ಕಿಲೋಮೀಟರ್?"

ಆಗಿದ್ದೇನು ಗೊತ್ತಾ? ಹೃದಯ, ಶ್ವಾಸಕೋಶ ಬೇಗ ಕಲಿಯುತ್ತವೆ. ಕೆಲವೇ ವಾರ ಸಾಕು. ಎಲುಬು, ಮತ್ತೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರು ಇದೆಯಲ್ಲ, ಅವು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಅಂದರೆ ಉಸಿರು "ನಾನು ರೆಡಿ" ಅನ್ನುವ ಹೊತ್ತಿಗೆ ಕಾಲು ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಹಳೇ ಆಟೋಗೆ ಕಾರಿನ ಎಂಜಿನ್ ಕೂರಿಸಿದ ಹಾಗೆ. ಹೊಸಬರಿಗೆ ಪೆಟ್ಟಾಗುವುದು ಮೊದಲ ದಿನ ಅಲ್ಲ. ಓಟ ಖುಷಿ ಕೊಡೋಕೆ ಶುರುವಾದ ಮೇಲೆ.

ಅದಕ್ಕೇ ಮಗ್ಗಿ. ಓಡುತ್ತಾ ಹದಿಮೂರರ ಮಗ್ಗಿಯನ್ನು ಬಾಯಿಬಿಟ್ಟು ಹೇಳಿ. ಎರಡು ಮೂರು ಸಾಲು ಒಂದೇ ಉಸಿರಿಗೆ ಬಂದರೆ ವೇಗ ಸರಿಯಿದೆ. "ಹದಿಮೂರು... ಹಾ... ನಾಲ್ಕ್ಲ... ಹಾ..." ಅಂತಾದರೆ ಜಾಸ್ತಿ ಆಯಿತು, ಇಳಿಸಿ. ಮಗ್ಗಿ ಮರೆತಿದ್ದರೆ ದೇವರನಾಮ ಹೇಳಿ, ಅಡ್ಡಿಯಿಲ್ಲ. ಹದಿಮೂರೇ ಯಾಕೆ ಅಂದರೆ, ಎರಡರ ಮಗ್ಗಿಯನ್ನು ನಿದ್ದೆಯಲ್ಲೂ ಹೇಳಬಹುದು. ಇದಕ್ಕೆ ತಲೆಯೂ ಸ್ವಲ್ಪ ಓಡಬೇಕು.

ಈ ವೇಗ ನಾಚಿಕೆ ಆಗುವಷ್ಟು ನಿಧಾನ ಅನ್ನಿಸುತ್ತದೆ. ಪಕ್ಕದಲ್ಲಿ ವಾಕಿಂಗ್ ಬಂದ ಅಜ್ಜ ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ. ಕಿಲೋಮೀಟರಿಗೆ 8 ನಿಮಿಷ ಹಿಡಿದರೂ ಹಾಫ್ ಮ್ಯಾರಥಾನ್ 2 ಗಂಟೆ 49 ನಿಮಿಷಕ್ಕೆ ಮುಗಿಯುತ್ತದೆ. 9 ನಿಮಿಷವಾದರೆ 3 ಗಂಟೆ 10 ನಿಮಿಷ. ಹೆಸರು ನೋಂದಾಯಿಸುವ ಮೊದಲು ಆ ಓಟದ ಕಟ್-ಆಫ್, ಅಂದರೆ ಓಟ ಮುಗಿಸೋಕೆ ಕೊಡುವ ಗರಿಷ್ಠ ಸಮಯ, ಎಷ್ಟು ಅಂತ ನೋಡಿಕೊಳ್ಳಿ. ಅದು ಒಂದೊಂದು ಕಡೆ ಒಂದೊಂದು ಥರ.

[ಗೋಡೆಯ ಕ್ಯಾಲೆಂಡರ್ ಹತ್ತಿರದಿಂದ.]

ತಿಂಗಳುಗಳಿಗೆ ಬರೋಣ. ಬೆಂಗಳೂರು ಮ್ಯಾರಥಾನ್ ಸೆಪ್ಟೆಂಬರ್, ಅಕ್ಟೋಬರ್ ಆಸುಪಾಸು. ಅದರಲ್ಲಿ ಹಾಫ್ ಕೂಡ ಇರುತ್ತದೆ. ಮೇ ತಿಂಗಳಲ್ಲಿ ಶುರು ಮಾಡಿದರೆ ಟೈಮ್ ಸರಿಹೋಗುತ್ತದೆ.

ಮೊದಲ ಎಂಟು ವಾರ ಕಿಲೋಮೀಟರ್ ಮರೆತುಬಿಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೇ ಸುತ್ತು. ವಾರವಾರಕ್ಕೂ ಓಟ ಸ್ವಲ್ಪ ಹೆಚ್ಚಿಸಿ, ನಡಿಗೆ ಸ್ವಲ್ಪ ಕಡಿಮೆ ಮಾಡಿ. ಎಂಟನೇ ವಾರಕ್ಕೆ ನಿಲ್ಲದೆ 5 ಕಿ.ಮೀ. ಆದರೆ ಸಾಕು. ಆಗಲಿಲ್ಲವಾ? ಇನ್ನೆರಡು ವಾರ ತಗೊಳ್ಳಿ.

ಆಮೇಲೆ ಹನ್ನೆರಡು ವಾರ. ಮಂಗಳವಾರ, ಗುರುವಾರ 4ರಿಂದ 6 ಕಿ.ಮೀ. ಭಾನುವಾರ ಲಾಂಗ್ ರನ್, ಅಂದರೆ ವಾರದ ಉದ್ದನೆಯ ಓಟ. ಭಾನುವಾರಗಳ ಲೆಕ್ಕ ಬರೆದುಕೊಳ್ಳಿ: 6, 7, 8, ವಾಪಸ್ 6. ಮತ್ತೆ 9, 11, 12, ವಾಪಸ್ 9. ಆಮೇಲೆ 14, 16, ಇಳಿಸಿ 10. ಅದರ ಮುಂದಿನ ಭಾನುವಾರ ಓಟ.

ನಾಲ್ಕು ವಾರಕ್ಕೊಮ್ಮೆ ಇಳಿಸೋದು ಸೋಮಾರಿತನ ಅಲ್ಲ. ಓಡುವಾಗ ಕಾಲು ಸವೆಯುತ್ತದೆ, ಗಟ್ಟಿಯಾಗೋದು ವಿಶ್ರಾಂತಿಯಲ್ಲಿ. ಅಭ್ಯಾಸದಲ್ಲಿ 21 ಓಡಬೇಕಾಗಿಲ್ಲವಾ ಅಂತ ಕೇಳುತ್ತೀರಿ. ಬೇಕಾಗಿಲ್ಲ. 8 ನಿಮಿಷದ ವೇಗದಲ್ಲಿ 16 ಕಿ.ಮೀ. ಅಂದರೇ ಎರಡು ಗಂಟೆ ಮೀರುತ್ತದೆ. ಹೊಸಬರಿಗೆ ಅದರಾಚೆ ಲಾಭ ಕಡಿಮೆ, ಸುಸ್ತು ಜಾಸ್ತಿ. ಕೊನೆಯ ಎರಡು ವಾರ ಇಳಿಸಿದ ಮೇಲೆ ಕಾಲಿಗೆ ಹೊಸ ಹುರುಪು ಬಂದಿರುತ್ತದೆ, ಉಳಿದ 5 ಕಿ.ಮೀ. ಅದು ನೋಡಿಕೊಳ್ಳುತ್ತದೆ.

ಒಂದು ಮಾತು. ವರಮಹಾಲಕ್ಷ್ಮಿ, ಗೌರಿ ಗಣೇಶ ಎಲ್ಲ ಈ ನಡುವೆಯೇ ಬರುತ್ತವೆ. ಒಬ್ಬಟ್ಟು ಬಿಡಿ ಅಂತ ನಾನಂತೂ ಹೇಳುವುದಿಲ್ಲ. ಹಬ್ಬಕ್ಕೆ ಒಂದು ಭಾನುವಾರ ತಪ್ಪಿದರೆ ತಪ್ಪಿತು. ಅದನ್ನು ಮುಂದಿನ ವಾರದ ಲೆಕ್ಕಕ್ಕೆ ಸೇರಿಸಿ ಬಡ್ಡಿ ಸಮೇತ ತೀರಿಸೋಕೆ ಮಾತ್ರ ಹೋಗಬೇಡಿ.

[ಡ್ರೋನ್ ದೃಶ್ಯ: ಕೆರೆ, ಅದರ ಪಕ್ಕದಿಂದ ಮೇಲೇರುವ ರಸ್ತೆ.]

ಬೆಂಗಳೂರಿನಲ್ಲಿ ಓಡೋದಕ್ಕೆ ಒಂದು ವಿಶೇಷ ಇದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ಬೆಳಗಿನ ತಂಪು ನಮಗೆ ವರ. ಆದರೆ ಊರು ಚಪ್ಪಟೆ ಅಲ್ಲ. ದಿಣ್ಣೆಗಳ ಮೇಲೆ ಕೂತ ಊರು ಇದು. ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ ಕಣಿವೆಗಳ ಕಡೆ ಇಳಿದು ಹೋಗುತ್ತದೆ. ಹಿಂದಿನವರು ಆ ತಗ್ಗಿನಲ್ಲೇ ಏರಿ ಕಟ್ಟಿ ಕೆರೆ ಮಾಡಿದರು. ಹಾಗಾಗಿ ಕೆರೆ ಕಡೆ ಖುಷಿಯಾಗಿ ಇಳಿದರೆ ಮನೆಗೆ ಬರುವಾಗ ಹತ್ತಲೇಬೇಕು. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ವಾಚ್ ನೋಡಬೇಡಿ, ಮಗ್ಗಿ ಮಾತ್ರ ನೋಡಿಕೊಳ್ಳಿ. ನಡೆದರೂ ಪರವಾಗಿಲ್ಲ.

ಎಲ್ಲಿ ಓಡೋದು? ಭಾನುವಾರವಾದರೆ ಕಬ್ಬನ್ ಪಾರ್ಕ್. ಒಳಗೆ ಗಾಡಿಗಳ ಕಾಟ ಇಲ್ಲ, ಮರದ ನೆರಳಿದೆ. ಲಾಲ್‌ಬಾಗ್ 240 ಎಕರೆ, ಅಲ್ಲಿ ಮಣ್ಣಿನ ದಾರಿಯೂ ಸಿಗುತ್ತದೆ. ಮನೆ ಹತ್ತಿರದ ಫುಟ್‌ಪಾತ್ ಮಾತ್ರ ಕತ್ತಲಲ್ಲಿ ಬೇಡ. ನಾನೊಮ್ಮೆ ಅಲ್ಲಾಡುವ ಚಪ್ಪಡಿ ಮೇಲೆ ಕಾಲಿಟ್ಟು ಅಂಗೈ ಎರಡೂ ತರಚಿಕೊಂಡು ಆಫೀಸಿಗೆ ಹೋದೆ. ಒಂದು ವಾರ ಎಲ್ಲರಿಗೂ ನಮಸ್ಕಾರವೇ, ಕೈ ಕುಲುಕಲಿಲ್ಲ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡದೆ ನಿಧಾನವಾಗಿ ನಡೆಯಿರಿ. ನೀವು ಓಡಿದಷ್ಟೂ ಅದಕ್ಕೆ ಉತ್ಸಾಹ.

ಶೂ ವಿಚಾರ. ನನ್ನ ಮೊದಲ ಅಂಗಡಿಯವರು ಸರಿಯಾಗಿ ಅಂಟಿಕೊಳ್ಳುವ ಜೋಡಿ ಕೊಟ್ಟರು. ಎರಡು ತಿಂಗಳಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಓಡುವಾಗ ಪಾದ ಊದಿಕೊಳ್ಳುತ್ತದೆ, ಅದಕ್ಕೆ ಸಂಜೆ ಹೊತ್ತು ಹೋಗಿ ಕೊಳ್ಳಿ. ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಓಟದ ದಿನಕ್ಕೆ ಅಂತ ಹೊಸ ಶೂ ಎತ್ತಿಡಬೇಡಿ, ಅದು ಮದುವೆ ಸೀರೆ ಅಲ್ಲ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಜ್ಜುವಿಕೆ. ತೊಡೆಯ ಒಳಗೆ, ಕಂಕುಳಲ್ಲಿ, ಗಂಡಸರಿಗಾದರೆ ಎದೆತೊಟ್ಟಿಗೆ, ಹೆಂಗಸರಿಗೆ ಒಳಉಡುಪಿನ ಅಂಚಿನಲ್ಲಿ. ಓಡುವಾಗ ಏನೂ ಗೊತ್ತಾಗುವುದಿಲ್ಲ. ಮನೆಗೆ ಬಂದು ಮೊದಲ ಚೊಂಬು ಬಿಸಿನೀರು ಸುರಿದುಕೊಂಡಾಗ ಗೊತ್ತಾಗುತ್ತದೆ. ನಾನು ಕೂಗಿದ ಕೂಗಿಗೆ ಕುಕ್ಕರ್ ಸಿಡಿಯಿತಾ ಅಂತ ಅಮ್ಮ ಓಡಿಬಂದಿದ್ದರು. ಲಾಂಗ್ ರನ್‌ಗೆ ಮುಂಚೆ ಆ ಜಾಗಗಳಿಗೆ ವ್ಯಾಸಲೀನ್ ಹಚ್ಚಿ. ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಒದ್ದೆ ಗೋಣಿಚೀಲದ ಹಾಗಾಗುತ್ತದೆ.

ಊಟ. ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಮುದ್ದೆ, ಅನ್ನ, ಚಪಾತಿ, ಸಾರು, ಜೊತೆಗೆ ಕಾಳು ಇಲ್ಲವೇ ಮೊಟ್ಟೆ. ದೇಹ ಕೂಡಿಟ್ಟ ಪಿಷ್ಟ ಸುಮಾರು ಒಂದೂವರೆ, ಎರಡು ಗಂಟೆ ಓಟಕ್ಕೆ ಸಾಕು. ನಮ್ಮಂಥವರಿಗೆ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದಲ್ಲ, ಅದಕ್ಕೆ ದಾರಿಯಲ್ಲೇ ಗಂಟೆಗೆ 30ರಿಂದ 60 ಗ್ರಾಂ ಸಿಹಿ, ಪಿಷ್ಟ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಓಟಗಾರರು ಹೀರುವ ಸಿಹಿ ಜೆಲ್ ಪ್ಯಾಕೆಟ್ ತಗೊಂಡರೂ ಹೆಚ್ಚುಕಮ್ಮಿ ಅಷ್ಟೇ. ಯಾವುದನ್ನೇ ಆಗಲಿ ಭಾನುವಾರದ ಲಾಂಗ್ ರನ್‌ನಲ್ಲಿ ಮೊದಲು ತಿಂದು ನೋಡಿ. ಓಟದ ದಿನ ಹೊಸದನ್ನು ತಿಂದು ಹೊಟ್ಟೆ ಕೆಟ್ಟರೆ, ಹತ್ತಿರದ ಮೊಬೈಲ್ ಟಾಯ್ಲೆಟ್ ಮುಂದೆ ಎಷ್ಟುದ್ದ ಕ್ಯೂ ಇರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ನೀರು ಬಾಯಾರಿದಷ್ಟು ಕುಡಿಯಿರಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗಬಹುದು.

ಲಾಂಗ್ ರನ್ ಆದಮೇಲೆ ಮಸಾಲೆ ದೋಸೆ? ಅದಕ್ಕಲ್ವಾ ಓಡೋದು!

ವಾರಕ್ಕೆರಡು ಸಲ ಹತ್ತು ನಿಮಿಷ ಬಸ್ಕಿ ಹೊಡೆಯಿರಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಗಟ್ಟಿಯಾದಷ್ಟೂ ನನಗೆ ಬಂದ ಆ ಎಲುಬಿನ ನೋವು ದೂರ. ನಲವತ್ತು ದಾಟಿದ್ದರೆ, ಬಿಪಿ, ಶುಗರ್ ಇದ್ದರೆ, ಶುರು ಮಾಡುವ ಮೊದಲೇ ಡಾಕ್ಟರನ್ನು ನೋಡಿ. ಓಡುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ಸಹಾಯ ಕೇಳಿ.

[ಮೇಜಿನ ಮೇಲೆ ಬಿಬ್ (ಎದೆಗೆ ಚುಚ್ಚಿಕೊಳ್ಳುವ ಓಟದ ನಂಬರ್ ಚೀಟಿ), ನಾಲ್ಕು ಪಿನ್ನು, ಒಂದು ಬಾಳೆಹಣ್ಣು.]

ಹಿಂದಿನ ರಾತ್ರಿಯೇ ಬಿಬ್‌ಗೆ ಪಿನ್ನು ಚುಚ್ಚಿಡಿ. ಹೊರಡುವಾಗ ಬ್ಯಾಂಡ್ ಬಡಿಯುತ್ತಾರೆ, ಮೈಕಿನಲ್ಲಿ ಕೂಗುತ್ತಾರೆ, ಸುತ್ತ ಸಾವಿರಾರು ಜನ. ಕಾಲು ತಾನಾಗಿ ಹಾರುತ್ತದೆ. ನನ್ನ ಮೊದಲ ಹಾಫ್‌ನಲ್ಲಿ ಮೊದಲ 5 ಕಿ.ಮೀ. ಅಭ್ಯಾಸಕ್ಕಿಂತ ಕಿಲೋಮೀಟರಿಗೆ ಒಂದು ನಿಮಿಷ ಬೇಗ ಓಡಿಬಿಟ್ಟೆ. 15ನೇ ಕಿ.ಮೀ. ಹತ್ತಿರ ಒಂದು ಏರು. ಅಲ್ಲಿಂದ ಮುಂದೆ ಓಟ ಕಮ್ಮಿ, ನಡಿಗೆ ಜಾಸ್ತಿ. ಮಗ್ಗಿ ಇರಲಿ, ನನ್ನ ಹೆಸರೇ ನೆನಪಿಗೆ ಬರುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಮುಗಿಸುತ್ತೇವೆ ಅಂತ ಬಾವುಟ ಹಿಡಿದು ಒಂದೇ ವೇಗದಲ್ಲಿ ಓಡುವ ಪೇಸರ್‌ಗಳು ಇದ್ದರೆ ನಿಮ್ಮ ಟೈಮಿನವರ ಹಿಂದೆ ನಿಂತುಕೊಳ್ಳಿ. ಅವರನ್ನು ದಾಟೋದೇನಿದ್ದರೂ 16 ಆದಮೇಲೆ.

ಮತ್ತೆ, ಸೋಮವಾರಕ್ಕೆ ಒಂದು ರಜೆ ಹಾಕಿಡಿ. ಓಟದ ಇಳಿಜಾರುಗಳಲ್ಲಿ ತೊಡೆಯ ಮುಂಭಾಗ ಎಳೆದುಕೊಂಡೇ ಬ್ರೇಕ್ ಹಾಕಿರುತ್ತದೆ. ಆ ನೋವು ಜೋರಾಗೋದು ಒಂದೆರಡು ದಿನ ಬಿಟ್ಟು. ಮೆಟ್ಟಿಲು ಹತ್ತೋಕೆ ಬರುತ್ತದೆ, ಇಳಿಯೋಕೆ ಬರುವುದಿಲ್ಲ. ನಮ್ಮ ಮನೆ ಎರಡನೇ ಮಹಡಿ. ಮೆಟ್ಟಿಲ ಕಂಬಿ ಹಿಡಿದು ಹಿಂದುಮುಂದಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗಿನ ಮನೆ ಆಂಟಿ ಹಾಲು ತಗೊಳ್ಳೋಕೆ ಬಾಗಿಲು ತೆಗೆದವರು ಹಾಗೇ ನಿಂತರು. "ಏನಪ್ಪಾ, ಬಿದ್ದೆಯಾ?"

"ಇಲ್ಲ ಆಂಟಿ, ಮೆಡಲ್ ಬಂತು."