ನಾವು ರಾಧಾಕೃಷ್ಣನ್ ಅವರನ್ನು ಕೊಟ್ಟೆವು, ಕಲ್ಕತ್ತಾದಿಂದ ಬಂದವರು ಯಾರು?

(ಮಹಾರಾಜ ಕಾಲೇಜಿನ ಎದುರು. ಹಿಂದೆ ಸಿಟಿ ಬಸ್ಸಿನ ಹಾರ್ನ್.)

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಸಾರ್, ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರ್‌ಗಳ ಪಟ್ಟಿ ನೋಡ್ತಿದ್ದೆ. ಮೊದಲನೇ ಹೆಸರು ಎಚ್.ವಿ. ನಂಜುಂಡಯ್ಯ. ಸರಿ, ನಮ್ಮವರು. ಎರಡನೇ ಹೆಸರು ಬ್ರಜೇಂದ್ರನಾಥ ಸೀಲ್. ಇವರು ಯಾರು ಸಾರ್?"

ನಿಜ ಹೇಳಿಬಿಡುತ್ತೇನೆ. ನನಗೂ ಗೊತ್ತಿರಲಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಆದರೂ ಗೊತ್ತಿರಲಿಲ್ಲ.

ಹಿನ್ನೆಲೆ ಬೇಗ ಮುಗಿಸೋಣ. ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಚಾನ್ಸಲರ್. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡರು. ಆ ಕುರ್ಚಿಗೆ ಬಂದವರೇ ಸೀಲ್. 1864ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವರು. ಓದಿದ್ದು ತತ್ವಶಾಸ್ತ್ರ. ಕೂಚ್ ಬಿಹಾರದಲ್ಲಿ ಕಾಲೇಜು ಪ್ರಿನ್ಸಿಪಾಲ್ ಆಗಿದ್ದವರು, ಆಮೇಲೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್. ಕಾಲೇಜು ದಿನಗಳ ಗೆಳೆಯ ಒಬ್ಬರಿದ್ದರು, ನರೇಂದ್ರನಾಥ ದತ್ತ ಅಂತ. ಹೌದು, ವಿವೇಕಾನಂದರೇ. ಗೆಳೆಯ 1892ರಲ್ಲಿ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿ ಹೋದರು. ಇವರು ಸುಮಾರು ಮೂವತ್ತು ವರ್ಷ ಬಿಟ್ಟು ಬಂದರು, ಬಂದವರು 1930ರವರೆಗೆ ಇಲ್ಲೇ ಉಳಿದರು.

ಈಗ ನನಗೆ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ.

(ಪರದೆಯ ಮೇಲೆ ಎರಡು ಬಾಣ: ಮೈಸೂರು – ಕಲ್ಕತ್ತಾ, ಕಲ್ಕತ್ತಾ – ಮೈಸೂರು.)

ರಾಧಾಕೃಷ್ಣನ್ 1918ರಿಂದ ಇಲ್ಲೇ, ಈ ಕಟ್ಟಡದಲ್ಲೇ, ತತ್ವಶಾಸ್ತ್ರ ಪಾಠ ಮಾಡುತ್ತಿದ್ದರು. 1921ರಲ್ಲಿ ಕಲ್ಕತ್ತಾಕ್ಕೆ ಹೊರಟರು. ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಈ ಕಥೆ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪ್ರತಿ ಸೆಪ್ಟೆಂಬರ್ 5ಕ್ಕೆ ಒಂದು ಸಲ ಕೇಳಲೇಬೇಕು, ತಪ್ಪಿಸಿಕೊಳ್ಳೋಕೆ ಆಗಲ್ಲ.

ಸರಿ. ಅವರು ಹೋಗಿ ಕೂತದ್ದು ಎಲ್ಲಿ? ಕಲ್ಕತ್ತಾದಲ್ಲಿ ಐದನೇ ಜಾರ್ಜ್ ದೊರೆಯ ಹೆಸರಿನ ತತ್ವಶಾಸ್ತ್ರ ಪೀಠ ಇತ್ತು, ಅಲ್ಲಿ. ಅದು ಖಾಲಿ ಆದದ್ದು ಹೇಗೆ? ಅದರಲ್ಲಿ ಕೂತಿದ್ದವರು ಎದ್ದು ಮೈಸೂರಿಗೆ ಬಂದರಲ್ಲ, ಅದಕ್ಕೆ. ಆ ಎದ್ದು ಬಂದವರೇ ಸೀಲ್!

ನಮ್ಮ ಮಂಡ್ಯದ ಕಡೆ ಹೆಣ್ಣು ಕೊಟ್ಟು ಹೆಣ್ಣು ತರೋದು ಅಂತಾರಲ್ಲ, ಹಾಗೆ ಆಯಿತು. ಈ ಮನೆ ಮಗಳು ಆ ಮನೆಗೆ, ಆ ಮನೆ ಮಗಳು ಈ ಮನೆಗೆ. ಇಲ್ಲಿ ಮಾತುಕತೆ, ವೀಳ್ಯ, ತಾಂಬೂಲ ಏನೂ ನಡೆದಿರಲಿಲ್ಲ, ಅಷ್ಟೇ. ಆ ಪೀಠಕ್ಕೆ ರಾಧಾಕೃಷ್ಣನ್ ಅವರನ್ನು ಕರೆಸಿಕೊಂಡವರು ಕಲ್ಕತ್ತಾದ ಅಶುತೋಷ್ ಮುಖರ್ಜಿ. ನಾವು ಕೊಟ್ಟದ್ದು 32 ವರ್ಷದ ಹುಡುಗನನ್ನು. ತಂದದ್ದು ಐವತ್ತೈದು ದಾಟಿದ ಯಜಮಾನರನ್ನು. ಲಾಭ ಯಾರಿಗೆ ಅಂತ ಲೆಕ್ಕ ಹಾಕುತ್ತಾ ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಪೂರ್ತಿ ಸುತ್ತಿದ್ದೇನೆ.

ಹೋದವರ ಸಾರೋಟು ಯಾರು ಎಳೆದರು ಅಂತ ಊರಿಗೆಲ್ಲ ಗೊತ್ತು. ಬಂದವರನ್ನು ಸ್ಟೇಷನ್‌ನಿಂದ ಯಾರು ಕರೆತಂದರು ಅಂತ ಒಬ್ಬರೂ ಕೇಳಿಲ್ಲ ನೋಡಿ. ಮನೆ ಮಗಳಿಗೆ ಅಳುತ್ತೇವೆ, ಬಂದ ಸೊಸೆಗೆ ಕಾಫಿ ಕೊಟ್ಟೆವೋ ಇಲ್ಲವೋ ನೆನಪಿರಲ್ಲ.

ಮರೆತದ್ದಕ್ಕೆ ಇನ್ನೊಂದು ಕಾರಣವೂ ಇದೆ. ರಾಧಾಕೃಷ್ಣನ್ ಬರೆದರು, ಜಾಸ್ತಿ ಬರೆದರು. ಸೀಲ್ ಅವರು ಓದಿದ್ದಕ್ಕೆ ಹೋಲಿಸಿದರೆ ಬರೆದದ್ದು ತೀರಾ ಕಡಿಮೆ. ಗಣಿತ, ರಸಾಯನಶಾಸ್ತ್ರ, ಕಾವ್ಯ, ಧರ್ಮ, ಏನು ಕೇಳಿದರೂ ಮಾತಾಡುತ್ತಿದ್ದ ಮನುಷ್ಯ. ಜನ ಅವರನ್ನು ನಡೆದಾಡುವ ವಿಶ್ವಕೋಶ ಅನ್ನುತ್ತಿದ್ದರು. ಆದರೆ ವಿಶ್ವಕೋಶ ನಡೆದುಕೊಂಡು ಹೋಗಿಬಿಟ್ಟರೆ ಕಪಾಟಿನಲ್ಲಿ ಏನು ಉಳಿಯುತ್ತೆ?

ಕಪಾಟು ಬಿಟ್ಟು ಬೇರೆ ಕಡೆ ಹುಡುಕಬೇಕು. ಮಹಾರಾಜರು ಇವರಿಂದ ಮಾಡಿಸಿದ ಒಂದು ಕೆಲಸ ಕೇಳಿ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ದಸರಾ ಹೊತ್ತಿಗೆ ಸೇರಿ, ಅಹವಾಲು ಹೇಳಿ ಹೋಗುವ ಸಭೆ. ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಆಡಳಿತ ಸುಧಾರಣೆಗೆ ಒಂದು ಸಮಿತಿ ಆಯಿತು. ಅದರ ಅಧ್ಯಕ್ಷತೆಯನ್ನು ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರ್‌ಗೇ ಕೊಟ್ಟರು! ಸೀಲ್ ಸಮಿತಿಯ ವರದಿ ಆದಮೇಲೆ, 1923ರಲ್ಲಿ, ಆ ಸಭೆಗೆ ಕಾನೂನಿನ ನೆಲೆ ಸಿಕ್ಕಿತು. ಹೊಸ ತೆರಿಗೆ ಹಾಕುವ ಮೊದಲು ಸಭೆಯನ್ನು ಕೇಳಬೇಕಾಯಿತು. ಹೆಂಗಸು ಅನ್ನೋ ಕಾರಣಕ್ಕೆ ಮತ ಇಲ್ಲ ಅನ್ನೋ ಅಡ್ಡಿಯೂ ಹೋಯಿತು. ಆಗ ಮತ ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದವರಿಗೆ ಮಾತ್ರ, ಅದನ್ನೂ ಹೇಳಿಬಿಡಬೇಕು. ಸೊಪ್ಪು ಮಾರುವ ಅಜ್ಜಿಗೆ ಅದರಿಂದ ಏನೂ ಆಗಲಿಲ್ಲ.

ಈಗ ಒಬ್ಬ ವಿಸಿಗೆ ಇಂಥ ಕೆಲಸ ಯಾರಾದರೂ ಕೊಡ್ತಾರಾ? ಅವರನ್ನು ಘಟಿಕೋತ್ಸವದಲ್ಲಿ ನಿಲ್ಲಿಸಿ ಫೋಟೋ ತೆಗೆಸುತ್ತೇವೆ. ನನ್ನ ಅಭಿಪ್ರಾಯ, ಬೈಯ್ಯೋದಿದ್ದರೆ ನನ್ನನ್ನೇ ಬೈಯ್ಯಿರಿ.

(ಕ್ಯಾಮೆರಾ ಹಿಂದಿನಿಂದ: "ಅಣ್ಣಾ, ಹತ್ತು ನಿಮಿಷ ದಾಟಿತು.")

ಆಯ್ತು ಆಯ್ತು. ಉಳಿದದ್ದು ಒಂದೇ ಉಸಿರಿಗೆ. ಇವರ ಕಾಲದಲ್ಲೇ 1924ರಲ್ಲಿ ಮೆಡಿಕಲ್ ಕಾಲೇಜು, 1928ರಲ್ಲಿ ಯುವರಾಜ ಕಾಲೇಜು. 1926ರಲ್ಲಿ ಇವರಿಗೆ ಸರ್ ಪದವಿ. 1921ರ ಡಿಸೆಂಬರ್‌ನಲ್ಲಿ ಟಾಗೋರರು ವಿಶ್ವಭಾರತಿಯನ್ನು ದೇಶಕ್ಕೆ ಒಪ್ಪಿಸಿದ ಸಭೆಗೆ ನಮ್ಮ ವಿಸಿಯೇ ಅಧ್ಯಕ್ಷರು. ಮನಃಶಾಸ್ತ್ರ ವಿಭಾಗ ಶುರುವಾದದ್ದೂ ಆಗಲೇ. ಅದಕ್ಕೆ ಲಂಡನ್ನಿನಲ್ಲಿ ಕಲಿತ ಎಂ.ವಿ. ಗೋಪಾಲಸ್ವಾಮಿ ಬಂದರು. ಆ ಪ್ರೊಫೆಸರ್ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದರು. ಅದೇ ಮೈಸೂರಿನ ಆಕಾಶವಾಣಿ. ಇದಕ್ಕೆ ಬೇರೆ ವಿಡಿಯೋ ಮಾಡ್ತೀನಿ. 1930ರಲ್ಲಿ ಆರೋಗ್ಯ ಕೆಟ್ಟು ಸೀಲ್ ಕಲ್ಕತ್ತಾಕ್ಕೆ ವಾಪಸ್ ಹೋದರು. 1938ರಲ್ಲಿ ತೀರಿಕೊಂಡರು.

ಒಂದು ಬಿಟ್ಟುಹೋಯ್ತು, ಕ್ಯಾಮೆರಾ ಆಫ್ ಮಾಡಬೇಡಪ್ಪಾ. ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ವಿಸಿ ಬಂಗಾಳಿಯವರು, ನೆನಪಿರಲಿ. ಆ ಮೊದಲ ಬ್ಯಾಚಿನಲ್ಲಿ ಕುಪ್ಪಳಿಯ ಒಬ್ಬ ಹುಡುಗ ಇದ್ದ. 1956ರಲ್ಲಿ ಅವನೇ ಬಂದು ಸೀಲ್ ಕೂತಿದ್ದ ಕುರ್ಚಿಯಲ್ಲಿ ಕೂತ.

ಹೆಸರು ನಾನು ಹೇಳಬೇಕಾ? ಬ್ಯಾಟರಿ ಕೆಂಪಾಯ್ತು, ಬರ್ತೀನಿ.