ಆಟಕ್ಕುಂಟು, ಲೆಕ್ಕಕ್ಕುಂಟೇ? ಕ್ಯಾಲಿಫೋರ್ನಿಯಾದ ಕಾಲೇಜು ಸಮಿತಿಗಳಲ್ಲಿ ಬೋಧಕೇತರರ ಮಾತು

[ದೃಶ್ಯ: ಕಾಲೇಜು ಆಫೀಸಿನ ಕಿಟಕಿ, ಮುಂದೆ ಉದ್ದನೆಯ ಸಾಲು]

ಕಾಲೇಜಿಗೆ ಸೇರಿದ ದಿನ ನಿಮ್ಮ ಜೊತೆ ಮೊದಲು ಮಾತಾಡಿದ್ದು ಯಾರು, ನೆನಪಿದೆಯಾ? ಪ್ರಿನ್ಸಿಪಾಲರಂತೂ ಅಲ್ಲ. ಪಾಠ ಮಾಡೋ ಮೇಷ್ಟ್ರೂ ಅಲ್ಲ. ಅರ್ಜಿ ತಿರುವಿ ಹಾಕಿ "ಇಲ್ಲೊಂದು ಸಹಿ ಬಿಟ್ಟುಹೋಗಿದೆ ನೋಡಿ" ಅಂದ ಆಫೀಸಿನವರು. ಯಾವ ಮಕ್ಕಳು ಫೀಸು ಕಟ್ಟೋಕಾಗದೆ ವಾಪಸ್ ಹೋದ್ರು ಅನ್ನೋದು ಆ ಕಿಟಕಿಗೆ ಗೊತ್ತಿರೋಷ್ಟು ಕಾಲೇಜಿನಲ್ಲಿ ಇನ್ಯಾರಿಗೂ ಗೊತ್ತಿರಲ್ಲ. ಆದ್ರೆ ಫೀಸಿನ ನಿಯಮ ಮಾಡೋ ಸಭೆಗೆ ಅವರನ್ನ ಕರೀತಾರಾ?

ನಮಸ್ಕಾರ. ಕರೀಲೇಬೇಕು ಅಂತ ಕಾನೂನಿನಲ್ಲೇ ಬರೆದಿಟ್ಟ ಒಂದು ರಾಜ್ಯದ ಕಥೆ ಇವತ್ತು ಹೇಳ್ತೀನಿ. ಕರೆದ ಮೇಲೆ ಏನಾಗುತ್ತೆ ಅನ್ನೋದೇ ನಿಜವಾದ ಕಥೆ.

[ನಕ್ಷೆ: ಕ್ಯಾಲಿಫೋರ್ನಿಯಾ]

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಎರಡು ವರ್ಷದ ಓದು, ಕಡಿಮೆ ಫೀಸು, ಅಂಕದ ಕಟ್-ಆಫ್ ತಲೆನೋವಿಲ್ಲ. ಇಲ್ಲಿ ಓದಿಕೊಂಡು ಆಮೇಲೆ ದೊಡ್ಡ ಯೂನಿವರ್ಸಿಟಿಗೆ ನೇರ ಮೂರನೇ ವರ್ಷಕ್ಕೆ ಹೋಗಬಹುದು. ಬೇ ಏರಿಯಾದ ಕನ್ನಡಿಗರಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜು ಎಷ್ಟೋ ಜನರಿಗೆ ಮನೆ ಹತ್ತಿರದ್ದೇ.

ಅಲ್ಲಿ ಬೋಧಕೇತರ ಸಿಬ್ಬಂದಿಗೆ 'ಕ್ಲಾಸಿಫೈಡ್ ಸ್ಟಾಫ್' ಅಂತಾರೆ. ಕೇಳಿದ್ರೆ ಗೂಢಚಾರರೇನೋ ಅನ್ನಿಸುತ್ತೆ! ಅಂಥದ್ದೇನಿಲ್ಲ, ಹುದ್ದೆಗಳನ್ನ ವರ್ಗ ಮಾಡಿ ಇಟ್ಟಿರೋದ್ರಿಂದ ಬಂದ ಹೆಸರು. ಅಡ್ಮಿಷನ್ ಕೌಂಟರಿನವರು, ಲ್ಯಾಬ್ ಟೆಕ್ನೀಷಿಯನ್ನು, ಲೈಬ್ರರಿ ಸಹಾಯಕರು, ಕಂಪ್ಯೂಟರ್ ರಿಪೇರಿಯವರು, ತೋಟದವರು, ರಾತ್ರಿ ಬಂದು ಕೋಣೆ ಗುಡಿಸಿ ಒರೆಸೋ ಕಸ್ಟೋಡಿಯನ್‌ಗಳು, ಎಲ್ಲ ಈ ಲೆಕ್ಕದಲ್ಲೇ ಬರ್ತಾರೆ.

[ಪರದೆ ಮೇಲೆ: 1988]

1988ರಲ್ಲಿ ಎಬಿ 1725 ಅನ್ನೋ ಕಾನೂನು ಬಂತು. ಅಲ್ಲೀತನಕ ಈ ಕಾಲೇಜುಗಳ ಆಡಳಿತ ಹೆಚ್ಚುಕಮ್ಮಿ ಶಾಲೆಗಳ ಥರವೇ ಇತ್ತು. ಈ ಕಾನೂನಿನಿಂದ ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು ಮೂವರಿಗೂ ಆಡಳಿತದಲ್ಲಿ ಪಾಲು ಅಂತಾಯ್ತು. ಮೂವರಿಗೂ ಸಮಪಾಲು ಅಂದ್ಕೊಂಡ್ರಾ? ಇಲ್ಲೇ ಸ್ವಲ್ಪ ಕಣ್ಣು ಅಗಲ ಮಾಡಿ ಓದಬೇಕು.

ಪಠ್ಯಕ್ರಮ, ಗ್ರೇಡಿಂಗ್, ಬಜೆಟ್ ತಯಾರಿಸೋ ವಿಧಾನ, ಹೀಗೆ ಕೆಲವು ವಿಷಯಗಳಲ್ಲಿ ಆಡಳಿತ ಮಂಡಳಿ ಅಕಾಡೆಮಿಕ್ ಸೆನೆಟ್, ಅಂದ್ರೆ ಅಧ್ಯಾಪಕರ ಪ್ರತಿನಿಧಿ ಸಭೆಯ ಜೊತೆ ಸಮಾಲೋಚನೆ ಮಾಡಲೇಬೇಕು. ಮುಖ್ಯವಾಗಿ ಸೆನೆಟ್ಟಿನ ಸಲಹೆಯ ಮೇಲೇ ನಡೀಬೇಕು, ಇಲ್ಲಾ ಇಬ್ಬರೂ ಕೂತು ಒಪ್ಪಂದಕ್ಕೆ ಬರಬೇಕು. ಮೊದಲನೇ ದಾರಿ ಹಿಡಿದ ಮಂಡಳಿ ಸಲಹೆ ತಳ್ಳಿಹಾಕಿದ್ರೆ, ಯಾಕೆ ಅಂತ ಸೆನೆಟ್ ಲಿಖಿತವಾಗಿ ಕೇಳಿ ಪಡೀಬಹುದು.

ಬೋಧಕೇತರರಿಗೆ? ಅವರ ಮೇಲೆ ಗಣನೀಯ ಪರಿಣಾಮ ಬೀರೋ ವಿಷಯಗಳಲ್ಲಿ ಭಾಗವಹಿಸೋ ಅವಕಾಶ ಕೊಡಬೇಕು, ಅವರ ಅಭಿಪ್ರಾಯವನ್ನ ಸಾಧ್ಯವಾದಷ್ಟೂ ಪರಿಗಣಿಸಬೇಕು. ತುರ್ತು ಪರಿಸ್ಥಿತಿ ಬಿಟ್ಟರೆ, ಅವಕಾಶ ಕೊಡದೆ ತೀರ್ಮಾನ ಮಾಡೋ ಹಾಗಿಲ್ಲ. ಇದೂ ಸಣ್ಣದೇನಲ್ಲ. ಆದ್ರೆ 'ಪರಿಗಣಿಸಿದ್ದೇವೆ' ಅನ್ನೋ ಪದ ನಮಗೆ ಹೊಸದಾ? ಅರ್ಜಿ ಕೊಟ್ಟವರಿಗೆಲ್ಲ ಗೊತ್ತು ಅದರ ತೂಕ.

[ಪರದೆ ಮೇಲೆ: 46 ಡಾಲರ್]

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಲ್ಲಿ ಓದನ್ನ ಅಳೆಯೋದು ಯೂನಿಟ್, ಅಂದ್ರೆ ಕ್ರೆಡಿಟ್ ಲೆಕ್ಕದಲ್ಲಿ. ಆ ರಾಜ್ಯದವರಿಗೆ ಫೀಸು ಯೂನಿಟ್ಟಿಗೆ 46 ಡಾಲರ್. ಸೆಮಿಸ್ಟರಿಗೆ 12 ಯೂನಿಟ್ ತಗೊಂಡ್ರೆ 552. ಇಂಥ ದಿನದೊಳಗೆ ಕಟ್ಟದಿದ್ರೆ ಕ್ಲಾಸಿನಿಂದ ಹೆಸರು ತೆಗೀತೀವಿ ಅಂತ ಒಂದು ನಿಯಮದ ಮಾತು ಬಂತು ಅಂದ್ಕೊಳ್ಳಿ. ಸಭೆಯಲ್ಲಿರೋ ಅಧಿಕಾರಿಗೆ ಅದು ಬಾಕಿ ವಸೂಲಿ. ಕಿಟಕಿ ಹಿಂದಿನವರಿಗೆ ಗೊತ್ತಿರೋದೇ ಬೇರೆ: ಹಣಕಾಸು ನೆರವಿನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ, ಹುಡುಗಿಯ ತಪ್ಪೇನಿಲ್ಲ, ಶುಕ್ರವಾರ ಹೆಸರು ಹೋಗುತ್ತೆ, ಸೋಮವಾರ ದುಡ್ಡು ಬರುತ್ತೆ, ಅಷ್ಟರಲ್ಲಿ ಸೀಟು ಇನ್ನೊಬ್ಬರ ಪಾಲು. ಇಂಥ ಮಾತು ಸಭೆಯಲ್ಲಿ ಬರಬೇಕಾದ್ರೆ ಆ ಕುರ್ಚಿಯಲ್ಲಿ ಅವರೇ ಕೂತಿರಬೇಕು. ಅವರ ಪರವಾಗಿ ಮೇಲಧಿಕಾರಿ ಹೇಳ್ತಾರೆ ಅನ್ನೋದು ದಾರಿಯಲ್ಲಿ ಸೋರಿಹೋಗೋ ನೀರು.

ಹಾಗಾದ್ರೆ ಆ ಕುರ್ಚಿಗೆ ಯಾರನ್ನ ಕಳಿಸಬೇಕು? ಜಗಳ ಇರೋದೇ ಇಲ್ಲಿ.

ಅಲ್ಲಿನ ಬೋಧಕೇತರರಿಗೆ ಸಾಮಾನ್ಯವಾಗಿ ಎರಡು ಮನೆ. ಒಂದು ಯೂನಿಯನ್. 1975ರ ರಾಡ್ಡಾ ಕಾಯ್ದೆಯ ಪ್ರಕಾರ ಸಂಬಳ, ಕೆಲಸದ ವೇಳೆ, ಸೇವಾ ಷರತ್ತುಗಳ ಬಗ್ಗೆ ಚೌಕಾಸಿ ಮಾಡೋ ಹಕ್ಕು ಅದರದ್ದು. ಇನ್ನೊಂದು, ಅನೇಕ ಕಾಲೇಜುಗಳಲ್ಲಿರೋ ಕ್ಲಾಸಿಫೈಡ್ ಸೆನೆಟ್, ಅಂದ್ರೆ ಬೋಧಕೇತರರದ್ದೇ ಪ್ರತಿನಿಧಿ ಸಭೆ. ಸಂಬಳದ ಮಾತು ಬಿಟ್ಟು ಕಾಲೇಜಿನ ಉಳಿದ ವ್ಯವಹಾರ ಅದರ ಕ್ಷೇತ್ರ. ಸಮಿತಿಗೆ ಹೆಸರು ಕೊಡೋ ಹಕ್ಕು ಯಾರದ್ದು? 2001ರಲ್ಲಿ ಎಸ್‌ಬಿ 235 ಕಾನೂನು ಆ ಹಕ್ಕನ್ನ ಯೂನಿಯನ್ನಿಗೆ ಕೊಟ್ಟಿತು. ಯೂನಿಯನ್ನೂ ಆಡಳಿತ ಮಂಡಳಿಯೂ ಒಪ್ಪಿದ್ರೆ ಬೇರೆ ಏರ್ಪಾಡು ಮಾಡ್ಕೋಬಹುದು.

ಇದು ಸರಿಯೋ ತಪ್ಪೋ? ನನಗನ್ನಿಸೋದು, ಬಹುಮಟ್ಟಿಗೆ ಸರಿ. ಮೇಲಧಿಕಾರಿಯೇ ತನಗೆ ಬೇಕಾದ, ಬಾಯಿ ಬಿಡದ ಒಬ್ಬರನ್ನ ಆರಿಸಿ "ನೋಡಿ, ಸಿಬ್ಬಂದಿಯೂ ಇದ್ದಾರೆ" ಅನ್ನೋ ಕಾಟಾಚಾರ ಇದರಿಂದ ತಪ್ಪುತ್ತೆ. ಇನ್ನೊಂದು ಮಗ್ಗುಲೂ ಇದೆ. ಚೌಕಾಸಿಯಲ್ಲಿ ಪಳಗಿದವರಿಗೇ ಲೈಬ್ರರಿ ಯೋಜನೆಯ ಸಮಿತಿಯಲ್ಲೂ ಆಸಕ್ತಿ ಇರಬೇಕು ಅಂತೇನಿಲ್ಲ. ಸೆನೆಟ್ ಮತ್ತು ಯೂನಿಯನ್ ಕೈ ಕೈ ಹಿಡಿದುಕೊಂಡ ಕಾಲೇಜಿನಲ್ಲಿ ಕೆಲಸ ಸುಸೂತ್ರ. ಇಬ್ಬರೂ ಮುಖ ತಿರುಗಿಸಿಕೊಂಡ ಕಡೆ ಕುರ್ಚಿ ಖಾಲಿ ಬಿದ್ದಿರುತ್ತೆ, ಆಡಳಿತದವರಿಗೆ ನಿರಾಳ.

[ದೃಶ್ಯ: ಆಡಳಿತ ಮಂಡಳಿ ಸಭೆಯ ಮೇಜು]

ಇನ್ನು ಎಲ್ಲಕ್ಕೂ ಮೇಲಿನ ಮಂಡಳಿ. ಅಲ್ಲಿ ಕಾಲೇಜುಗಳನ್ನ ನಡೆಸೋ ಸ್ಥಳೀಯ ಘಟಕಕ್ಕೆ ಡಿಸ್ಟ್ರಿಕ್ಟ್ ಅಂತಾರೆ. ಡಿ ಆಂಜಾ ಸೇರಿರೋ ಫುಟ್‌ಹಿಲ್-ಡಿ ಆಂಜಾ ಡಿಸ್ಟ್ರಿಕ್ಟಿಗೆ ಐದು ಜನ ಚುನಾಯಿತ ಟ್ರಸ್ಟಿಗಳು, ಅಂದ್ರೆ ಮಂಡಳಿ ಸದಸ್ಯರು. ಜೊತೆಗೆ ವಿದ್ಯಾರ್ಥಿ ಟ್ರಸ್ಟಿಗಳೂ ಕೂರ್ತಾರೆ, ನಿರ್ಣಾಯಕ ಮತ ಇಲ್ಲದಿದ್ರೂ. ನೌಕರರು? ಕೆಲಸ ಬಿಡದೆ ತಮ್ಮ ಡಿಸ್ಟ್ರಿಕ್ಟಿನ ಮಂಡಳಿಗೆ ಬರೋ ಹಾಗೇ ಇಲ್ಲ, ಕಾನೂನೇ ತಡೆಯುತ್ತೆ. ತನ್ನ ಸಂಬಳಕ್ಕೆ ತಾನೇ ಕೈ ಎತ್ತಬಾರದಲ್ಲ, ಆ ತರ್ಕ ಒಪ್ಪತಕ್ಕದ್ದೇ. ರಾಜ್ಯಮಟ್ಟದ ಬೋರ್ಡ್ ಆಫ್ ಗವರ್ನರ್ಸ್‌ನಲ್ಲಿ ಮಾತ್ರ ಒಂದು ಸ್ಥಾನ ಬೋಧಕೇತರರಿಗೆ ಅಂತಲೇ ಇದೆ. ಹಾಗಾಗಿ ಕೆಳಗಿನ ಸಮಿತಿಗಳೇ ಅವರಿಗೆ ಇರೋ ಬಾಗಿಲು.

ಆ ಬಾಗಿಲಿಗೂ ಒಂದು ಬೀಗ ಇದೆ: ಗಡಿಯಾರ. ಮಧ್ಯಾಹ್ನ ಎರಡು ಗಂಟೆಗೆ ಸಭೆ ಇಟ್ಟರೆ ಪ್ರೊಫೆಸರ್ ತಮ್ಮ ಪಾಠದ ವೇಳೆ ನೋಡಿಕೊಂಡು ಬರಬಹುದು. ಕೌಂಟರಿನವರು ಎದ್ದು ಬಂದ್ರೆ ಕಿಟಕಿ ಮುಚ್ಚಬೇಕು, ಸಾಲಿನಲ್ಲಿರೋರ ಬೈಗುಳ ಪಕ್ಕದ ಸೀಟಿನವರಿಗೆ. ರಾತ್ರಿ ಪಾಳಿಯವರಿಗೆ ಅದು ನಿದ್ದೆಯ ಹೊತ್ತು. ಕೆಲಸದ ವೇಳೆಯಲ್ಲಿ ಬಿಡುವು ಕೊಟ್ಟು, ಆ ಹೊತ್ತಿಗೆ ಬದಲಿ ಜನ ಕೊಡದ ಹೊರತು ಕಾನೂನಿನ ಕುರ್ಚಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಂಡಳಿ ಸಭೆಗಳಿಗೆ ಇನ್ನೊಂದು ದಾರಿ ಇದೆ. 1953ರ ಬ್ರೌನ್ ಕಾಯ್ದೆ ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಸಾರ್ವಜನಿಕರು ಎದ್ದು ಮಾತಾಡಬಹುದು. ನೌಕರರೂ ಸಾರ್ವಜನಿಕರೇ, ಕ್ಯುಪರ್ಟಿನೋದಲ್ಲಿರೋ ನೀವೂ ಸಾರ್ವಜನಿಕರೇ. ಇಂಥ ಸಭೆ ಸಂಜೆ ನಡೆದಾಗ ಹೋಗಿ ಕೂತ್ಕೊಂಡ್ರೆ, ಮುಗಿದು ಎಲ್ಲರೂ ಎದ್ದ ಮೇಲೆ ಆ ಕೋಣೆಗೆ ಯಾರು ಬರ್ತಾರೆ ಅಂತ ಒಂದು ನಿಮಿಷ ನಿಂತು ನೋಡಿ. ಬಕೆಟ್ಟು, ಮಾಪು ಹಿಡಿದು ಬರೋ ಅವರ ಪಾಳಿ ಶುರುವಾಗೋದೇ ಆಗ.

[ದೃಶ್ಯ: ಖಾಲಿ ಸಭಾ ಕೋಣೆ, ಬಾಗಿಲ ಬಳಿ ಮಾಪು]

ನಿಮ್ಮ ಕಾಲೇಜಿನ ಅಟೆಂಡರ್ ಯಾವುದಾದ್ರೂ ಸಮಿತಿಯಲ್ಲಿದ್ರಾ? ಇದ್ದಿದ್ರೆ ಅವರೇನು ಹೇಳಿದ್ರು, ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.